ಹಾವು, ಬಟ್ಟಲು, ಆರು ಅಕ್ಷರ

ವೂಚ್ ನಗರದ ಹತ್ತಿಬೀದಿಯಲ್ಲಿ, ಟ್ರಾಮು ತಿರುಗುವಲ್ಲಿ,
ಎರಡನೇ ಮಹಡಿಯ ಕಿಟಕಿಗಳ ಕೆಳಗೆ
ಆರು ಹಸಿರು ಅಕ್ಷರ: ಆಪ್ತೇಕಾ.
ಔಷಧಿ ಅಂಗಡಿ ಅಂತಷ್ಟೇ ಅರ್ಥ, ಪೋಲಿಷಿನಲ್ಲಿ.
ಕನ್ನಡದ ಕಿವಿ ಅದರೊಳಗೊಂದು ಆಪ್ತವನ್ನು
ಕದ್ದು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ,
ಯಾರಿಗೂ ನಷ್ಟವಿಲ್ಲ.

ಅಕ್ಷರಗಳ ಪಕ್ಕ ಬಟ್ಟಲು. ಬಟ್ಟಲಿಗೆ ಹಾವು.
ಅರವತ್ತೆರಡರಲ್ಲಿ ಗಾಜಿನ ಕೊಳವೆ ಕಾಯಿಸಿ, ಊದಿ, ಬಗ್ಗಿಸಿ
ಈ ಹಾವಿಗೆ ಮೂರು ಮೈ ಕೊಟ್ಟವನು ತೆಯೋಫಿಲ್:
ಮೊದಲು ಬಾಲ ಹೊತ್ತಿಕೊಳ್ಳಬೇಕು, ಆಮೇಲೆ ನಡು,
ಆಮೇಲೆ ಬಟ್ಟಲಿನ ಅಂಚಿಗೆ ಬಾಗಿದ ಹೆಡೆ.
ನಡು ಸತ್ತು ವರ್ಷಗಳಾದವು.
ಈಗ ಬಾಲ. ಕತ್ತಲೆ. ಹೆಡೆ.
ನಡುವೆ ಏನಾಯಿತೆಂದು
ನೋಡುವವರೇ ಊಹಿಸಿಕೊಳ್ಳಬೇಕು.
ಹಾವಿಗೆ ಹಾಲೆರೆದು ಕೆಟ್ಟವರ ಕತೆ ಗೊತ್ತು.
ಇಲ್ಲಿ ಹಾವೇ ಬಟ್ಟಲಿಗೆ ಏನೋ ಎರೆಯುತ್ತಿದೆ,
ಅರವತ್ತು ಚಳಿಗಾಲಗಳಿಂದ. ತುಂಬಿಲ್ಲ.

ಲೆಯೊಕಾದಿಯಾ ಇದ್ದಷ್ಟು ದಿನ ಇದರಡಿಯಲ್ಲಿ
ಪಿಂಗಾಣಿ ಒರಳಿನಲ್ಲಿ ಬಿಳಿ ಪುಡಿ ಅರೆಯುತ್ತಿದ್ದಳು.
ಗಿರಣಿಯ ಹೆಂಗಸರು ರಾತ್ರಿಪಾಳಿ ಮುಗಿಸಿ,
ಕಿವಿಯಲ್ಲಿ ಇನ್ನೂ ಮಗ್ಗದ ಸದ್ದು ತುಂಬಿಕೊಂಡು,
ಕೂಗಿ ಕೂಗಿ ಕೆಮ್ಮಿನ ಔಷಧ ಕೇಳುತ್ತಿದ್ದರು.
ಗುಟ್ಟಿನ ಕಾಯಿಲೆಗಳನ್ನೂ ಹಾಗೆಯೇ ಕೂಗುತ್ತಿದ್ದರು.
ಆಕೆ ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದಳು:
ಊಟಕ್ಕೆ ಮೊದಲು. ಊಟವಾದ ಮೇಲೆ.
ಗಂಡನಿಗೂ ಕೊಡಿ.

ಗಿರಣಿ ಮುಚ್ಚಿತು. ಕೆಮ್ಮು ಬೇರೆ ಬೀದಿಗೆ ಹೋಯಿತು.
ಲೆಯೊಕಾದಿಯಾಳ ಮೇಲೆ ಹುಲ್ಲು ಬೆಳೆದಿದೆ.
ಅಂಗಡಿ ಈಗ ಸೆವೆರಿನ್‌ನ ಬಾರು.
ಹೆಸರು ಬರೆದ ಡ್ರಾಯರುಗಳು ಹಾಗೇ ಇವೆ:
ವಲೇರಿಯನ್ ಬೇರಿನಲ್ಲಿ ನಿಂಬೆಹಣ್ಣು,
ಸೋನಾಮುಖಿಯಲ್ಲಿ ಬಿರಡೆ ಕೀಳುವ ತಿರುಪು,
ವಿಷ ಎಂದಿದ್ದುದರಲ್ಲಿ ಸಾಲದ ಪುಸ್ತಕ.
ಫಲಕ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ;
ಇಳಿಸುವ ಖರ್ಚೂ ಹೆಚ್ಚಿತ್ತು. ಎರಡೂ ನಿಜ.
ಕುಡಿಯಲು ಬಂದವರು ಅದರಡಿ ಫೋಟೋ ತೆಗೆಸಿಕೊಂಡು
ಹಸಿರು ಹಲ್ಲು ಬಿಟ್ಟು ನಗುತ್ತಾರೆ.

ಬೆಳಕಿಗೆ ಮಾತ್ರ ಯಾರೂ ಹೇಳಿಲ್ಲವಲ್ಲ.
ಅದು ಇನ್ನೂ ಕರೆಯುತ್ತದೆ.

ಜನವರಿಯ ಒಂದು ರಾತ್ರಿ, ಎರಡು ಗಂಟೆ ಮೀರಿ,
ಪೈಜಾಮದ ಮೇಲೆ ಕೋಟು ತೊಟ್ಟವನೊಬ್ಬ ಬಾಗಿಲು ನೂಕಿದ.
ಒಂದು ಕಾಲಿಗೆ ಒಂದು ಬೂಟು, ಇನ್ನೊಂದಕ್ಕೆ ಇನ್ನೊಂದು.
ಸಂಗೀತ, ನಗು, ಬಿಯರಿನ ಹುಳಿ ವಾಸನೆ.
ಯಾರದೋ ಮದುವೆಗೆ ತಪ್ಪಿ ಬಂದವನಂತೆ ನಿಂತ.
ಆಮೇಲೆ ಕೇಳಿಯೇಬಿಟ್ಟ, ಕೌಂಟರು ಕೌಂಟರೇ ತಾನೆ:
ಮಗುವಿಗೆ ಜ್ವರ. ಮೂವತ್ತೊಂಬತ್ತು ದಾಟಿದೆ.
ಮೂರು ವರ್ಷ. ಹದಿಮೂರು ಕಿಲೋ.

ಯಾರೋ ನಕ್ಕರು. ನಕ್ಕವರನ್ನು ಇನ್ಯಾರೋ ತಿವಿದರು.
ಸೆವೆರಿನ್ ಸಂಗೀತ ತಗ್ಗಿಸಿ
ಲಿಂಡೆನ್ ಹೂ ಎಂದಿದ್ದ ಡ್ರಾಯರು ಎಳೆದ.
ಒಳಗೆ ಮೊಹರು ಒಡೆಯದ ಸಿರಪ್ಪು, ಅಳತೆಯ ಚಮಚ,
ಒಂದು ಥರ್ಮಾಮೀಟರು.
ಇವನೇ ಮೊದಲಿಗನಲ್ಲ. ತಿಂಗಳಿಗೊಬ್ಬರಾದರೂ ಬರುತ್ತಾರೆ.
ಮಾರಲು ಪರವಾನಗಿಯಿಲ್ಲ, ಅಂದ,
ಹಾಗಾಗಿ ದುಡ್ಡು ತಗೊಳ್ಳೋ ಹಾಗಿಲ್ಲ.
ಬಿಯರಿನ ಲೋಟದಡಿಯ ರಟ್ಟಿನ ಮೇಲೆ ಬರೆದುಕೊಟ್ಟ
ರಾತ್ರಿಯಿಡೀ ತೆರೆದಿರುವ ನಿಜವಾದ ಅಂಗಡಿಯ ದಾರಿ,
ಆಸ್ಪತ್ರೆಯ ನಂಬರು.
ಆತ ಓದಿಕೊಂಡ, ತುಟಿ ಅಲುಗಿಸುತ್ತ.

ಹೊರಗೆ ಹಿಮ. ಆತನ ತಲೆ, ಭುಜ, ಬಾಟಲಿ ಹಿಡಿದ ಮುಷ್ಟಿ
ಹಸಿರಾಗಿ, ಕಪ್ಪಾಗಿ, ಹಸಿರಾಗಿ
ಮೂಲೆ ತಿರುಗಿದವು.

ಮೊನ್ನೆ ತೆಯೋಫಿಲ್‌ನ ಮೊಮ್ಮಗಳು ಇರ್ಮಿನಾ ಬಂದಿದ್ದಳು.
ಏಣಿ ಹತ್ತಿ ಹಾವಿನ ಸತ್ತ ನಡುವನ್ನು ಉಗುರಿನಿಂದ ತಟ್ಟಿ,
ಸರಿ ಮಾಡಬಹುದು, ಅಂದಳು, ಗಾಜು ಸಿಗುತ್ತೆ,
ಅಜ್ಜ ಬರೆದ ನಕ್ಷೆ ಮನೆಯಲ್ಲಿದೆ.
ಸೆವೆರಿನ್ ಎಷ್ಟಾಗುತ್ತೆ ಎಂದು ಕೇಳಿ
ಬಹಳ ಹೊತ್ತು ಕತ್ತು ಎತ್ತಿಕೊಂಡೇ ನಿಂತಿದ್ದ.
ಹಾವು ಇರಲಿ, ಅಂದ. ಆ ಕೊನೇ ಅಕ್ಷರ
ಮಿಣುಕ್ತಾ ಇದೆ, ಮೊದಲು ಅದನ್ನ ನೋಡು.
ಟ್ರಾಮಿನ ಸ್ಟಾಪಿನಿಂದ ಓದೋಕಾಗಬೇಕು.